ಪಾರ್ಕ್ ಟಿಕೆಟ್ ಇಲ್ದೇ ಡಿಸ್ನಿ ವರ್ಲ್ಡ್‌ನಲ್ಲಿ ಏನ್ ಮಾಡೋದು? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನಾವಿರೋದು ಫ್ಲೋರಿಡಾದ ಟ್ಯಾಂಪಾದಲ್ಲಿ. ಡಿಸ್ನಿ ವರ್ಲ್ಡ್ ಇರೋ ಒರ್ಲ್ಯಾಂಡೋ ಕಡೆ ಹೊರಟವ್ರೆಲ್ಲ, ನೆಂಟರಿರಲಿ ಕನ್ನಡ ಸಂಘದಲ್ಲಿ ಪರಿಚಯ ಆದವ್ರಿರಲಿ, ನನಗೆ ಕೇಳೋದು ಒಂದೇ ಪ್ರಶ್ನೆ. "ಅಪ್ಪ ಅಮ್ಮ ಊರಿಂದ ಬಂದಿದಾರೆ, ಅವರಿಗೆ ರೈಡು ಗೀಡು ಆಗಲ್ಲ, ಮಗೂಗೆ ಇನ್ನೂ ಎರಡು ವರ್ಷ, ಎಲ್ಲರಿಗೂ ಟಿಕೆಟ್ ತಗೊಂಡ್ರೆ ಜೇಬು ಖಾಲಿ, ಟಿಕೆಟ್ ಇಲ್ದೇ ಡಿಸ್ನಿಗೆ ಹೋದ್ರೆ ನೋಡೋಕೆ ಏನಾದ್ರೂ ಇದ್ಯಾ ಅಥವಾ ಗೇಟ್ ಹೊರಗೆ ನಿಂತು ಫೋಟೋ ತಗೊಂಡು ವಾಪಸ್ ಬರೋದಷ್ಟೇನಾ?"

ಇದೆ. ಚೆನ್ನಾಗೇ ಇದೆ. ವಯಸ್ಸಾದವ್ರು ಮತ್ತೆ ತೀರಾ ಚಿಕ್ಕ ಮಕ್ಕಳು ಇರೋ ಮನೆಯವರಿಗೆ ಪಾರ್ಕ್ ಒಳಗಿಗಿಂತ ಹೊರಗೇ ಹೆಚ್ಚು ಖುಷಿ ಸಿಗತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಒಂದು ವಿಷಯ ತಿಳ್ಕೊಳ್ಳಿ, ಡಿಸ್ನಿ ವರ್ಲ್ಡ್ ಅಂದ್ರೆ ಫೋಟೋಗಳಲ್ಲಿ ಕಾಣೋ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಆ ಕ್ಯಾಸಲ್ (ಕೋಟೆ) ಒಂದೇ ಅಲ್ಲ. 1971ರ ಅಕ್ಟೋಬರ್ 1ಕ್ಕೆ ಶುರುವಾದ ಈ ಜಾಗ ಈಗ ಸುಮಾರು 25,000 ಎಕರೆ, ಅದರಲ್ಲಿ ಟಿಕೆಟ್ ಬೇಕಾಗೋದು ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಅನ್ನೋ ನಾಲ್ಕು ಪಾರ್ಕಿಗೆ ಮತ್ತೆ ಎರಡು ವಾಟರ್ ಪಾರ್ಕಿಗೆ. ಉಳಿದಿದ್ದರಲ್ಲಿ ಕೆರೆಗಳು, ಕಾಡು, 25ಕ್ಕಿಂತ ಜಾಸ್ತಿ ಹೋಟೆಲು, ಅದನ್ನೆಲ್ಲ ಸೇರಿಸೋ ಮಾನೋರೈಲು, ದೋಣಿ, ಬಸ್ಸು, ಕೇಬಲ್ ಕಾರು. ಈ ಓಡಾಟ ಎಲ್ಲ ಫ್ರೀ. ಪಾರ್ಕ್ ಟಿಕೆಟ್ಟು ಡೇಟ್ ಮೇಲೆ ಬದಲಾಗತ್ತೆ, ಎಷ್ಟೇ ಕಮ್ಮಿ ರೇಟಿನ ದಿನ ಅಂದ್ರೂ ತಲೆಗೆ ನೂರು ಡಾಲರ್ ದಾಟತ್ತೆ, 3 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಫ್ರೀ, 10 ತುಂಬಿದ್ರೆ ದೊಡ್ಡವರ ರೇಟು, ಸೀನಿಯರ್ ಸಿಟಿಜನ್ ಅಂತ ರಿಯಾಯ್ತಿ ಇಲ್ಲ. ಎಪ್ಪತ್ತು ದಾಟಿದ ಮಂಡಿನೋವಿನ ಅಜ್ಜಿಗೂ ಇಪ್ಪತ್ತರ ಹುಡುಗನಿಗೂ ಒಂದೇ ರೇಟು ಅಂದಮೇಲೆ ಯೋಚನೆ ಮಾಡ್ಲೇಬೇಕು ಅಲ್ವಾ.

ನನ್ನನ್ನ ಕೇಳಿದ್ರೆ ಮೊದಲು ಹೋಗಬೇಕಾದ್ದು ಅನಿಮಲ್ ಕಿಂಗ್‌ಡಮ್ ಲಾಡ್ಜ್‌ಗೆ. ಇದು ಪಾರ್ಕ್ ಅಲ್ಲ, ಹೋಟೆಲ್. 2001ರಲ್ಲಿ ಶುರುವಾಗಿದ್ದು. ಹೋಟೆಲ್ ಕಟ್ಟಡದ ಹಿಂದೆ ಆಫ್ರಿಕಾದ ಹುಲ್ಲುಗಾವಲಿನ ತರ ವಿಶಾಲವಾದ ಬಯಲುಗಳಿವೆ, ಅಲ್ಲಿ ಜಿರಾಫೆ, ಝೀಬ್ರಾ, ಆಸ್ಟ್ರಿಚ್ ಎಲ್ಲ ಆರಾಮಾಗಿ ಓಡಾಡ್ಕೊಂಡು ಇರ್ತವೆ, ನೀವು ಲಾಬಿಯಿಂದ ಹಿಂದಗಡೆ ಹೋಗಿ ನೋಡೋ ಜಾಗದಲ್ಲಿ ಎಷ್ಟು ಹೊತ್ತು ಬೇಕಾದ್ರೂ ನಿಂತ್ಕೊಬಹುದು. ಬೆಳಗ್ಗೆ ಇಲ್ಲ ಸಂಜೆ ತಂಪಾದ ಮೇಲೆ ಹೋಗಿ, ಮಧ್ಯಾಹ್ನದ ಬಿಸಿಲಿಗೆ ಪ್ರಾಣಿಗಳೂ ನೆರಳು ಹುಡುಕ್ಕೊಂಡು ಹೋಗಿರ್ತವೆ. ಅಲ್ಲಿ ಅಂಕೋಲೆ ಅನ್ನೋ ತಳಿಯ ದನ ಇವೆ, ಭಾರೀ ದಪ್ಪ ಉದ್ದ ಕೊಂಬು. ನಮ್ಮ ಮಾವ ಮಂಡ್ಯ ಕಡೆಯವರು, ಹಳ್ಳಿಕಾರ್ ಎತ್ತು ಕಟ್ಟಿದ ಮನೆಯವರು, ಜಿರಾಫೆ ಪಕ್ಕದಲ್ಲೇ ನಿಂತಿದ್ರೂ ಅದನ್ನ ಬಿಟ್ಟು ಆ ದನಾನೇ ನೋಡ್ತಾ ಕೂತ್ರು, ಏನ್ ಮೇವು ಹಾಕ್ತಾರೆ, ಕೊಂಬು ಯಾಕೆ ಅಷ್ಟು ದಪ್ಪ, ಉಳೋದಕ್ಕೆ ಬರತ್ತಾ ಅಂತ ನನ್ನ ಗಂಡನ್ನ ಕೇಳಿದ್ದೇ ಕೇಳಿದ್ದು. ಆಮೇಲೆ ಹುಡುಕಿ ಓದಿ ಹೇಳಿದ್ವಿ, ಆ ಕೊಂಬಿನ ಒಳಗೆ ರಕ್ತ ಹರಿಯತ್ತೆ, ಅದರಿಂದ ಮೈ ಬಿಸಿ ಹೊರಗೆ ಹೋಗತ್ತೆ ಅಂತ. ಮೊಮ್ಮಗಳ ಜೊತೆ ಕೂತು ಇಷ್ಟು ನಿಧಾನವಾಗಿ ಮಾತಾಡೋದಕ್ಕೆ ಪಾರ್ಕ್ ಒಳಗೆ ಯಾವತ್ತೂ ಪುರಸೊತ್ತು ಸಿಗಲ್ಲ.

ಅದೇ ಹೋಟೆಲಿನ ಇನ್ನೊಂದು ಭಾಗಕ್ಕೆ ಕಿಡಾನಿ ವಿಲೇಜ್ ಅಂತ ಹೆಸರು, ಅಲ್ಲಿ ಸನಾ ಅನ್ನೋ ರೆಸ್ಟೋರೆಂಟ್ ಇದೆ. ಸಸ್ಯಾಹಾರಿಗಳು ಇದನ್ನ ಬರೆದಿಟ್ಕೊಳ್ಳಿ. ಇಲ್ಲಿ ಬ್ರೆಡ್ ಸರ್ವಿಸ್ ಅಂತ ಒಂದು ಐಟಮ್ ಇದೆ, ನಾನ್, ಕುಲ್ಚಾ, ಪನೀರ್ ಪರಾಠ ತರದ್ದೆಲ್ಲ ಬಿಸಿಬಿಸಿ ಕೊಡ್ತಾರೆ, ನೆಂಚ್ಕೊಳ್ಳೋಕೆ ಸೌತೆಕಾಯಿ ರಾಯ್ತ, ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಮಾವಿನ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ ಹೀಗೆ ಸಾಲಾಗಿ ಪುಟ್ಟ ಪುಟ್ಟ ಬಟ್ಟಲು ಇಡ್ತಾರೆ, ಕಿಟಕಿ ಆಚೆ ಝೀಬ್ರಾ ಮೇಯ್ತಿರತ್ತೆ. ಪಿಜ್ಜಾ, ಫ್ರೆಂಚ್ ಫ್ರೈಸ್ ತಿಂದು ತಿಂದು ಬೇಜಾರಾಗಿದ್ದ ನಮ್ಮ ಅತ್ತೆ ಇಲ್ಲಿ ಹೊಟ್ಟೆ ತುಂಬಾ ತಿಂದ್ರು. ಟೇಬಲ್ 60 ದಿನ ಮುಂಚೆಯಿಂದ ಬುಕ್ ಮಾಡ್ಬೋದು, ಮಾಡಿ. ಬುಕಿಂಗ್ ಇದ್ರೆ ಇನ್ನೊಂದು ಅನುಕೂಲ ಅಂದ್ರೆ ಹೋಟೆಲ್ ಗೇಟಲ್ಲಿ ಕಾರ್ ಬಿಡ್ತಾರೆ, ಪಾರ್ಕಿಂಗಿಗೆ ದುಡ್ಡಿಲ್ಲ. ಬುಕಿಂಗ್ ಇಲ್ದೇ ಹೋದ್ರೆ ರಶ್ ಇರೋ ದಿನ ಗೇಟಲ್ಲೇ ವಾಪಸ್ ಕಳ್ಸೋದುಂಟು.

ಈ ಕಾರ್ ವಿಷಯಾನೇ ಎಲ್ಲರಿಗೂ ಗೊಂದಲ ಆಗೋದು. ಸುಲಭ ದಾರಿ ಡಿಸ್ನಿ ಸ್ಪ್ರಿಂಗ್ಸ್. ಅಂಗಡಿ, ಊಟದ ಹೋಟೆಲು, ಕೆರೆ ದಂಡೆ ಎಲ್ಲ ಇರೋ ದೊಡ್ಡ ಪೇಟೆ ಅದು, ದೊಡ್ಡ ದೊಡ್ಡ ಪಾರ್ಕಿಂಗ್ ಗ್ಯಾರೇಜುಗಳಿವೆ, ಅಲ್ಲಿ ಪಾರ್ಕಿಂಗ್ ಫ್ರೀ, ಅಲ್ಲಿಂದ ಡಿಸ್ನಿಯ ಎಲ್ಲಾ ಹೋಟೆಲಿಗೂ ಬಸ್ ಇದೆ. ನೇರವಾಗಿ ಪಾರ್ಕಿಗೆ ಬಸ್ ಇಲ್ಲ, ನಮಗೆ ಅದು ಬೇಕಾಗೂ ಇಲ್ಲ. ಕ್ರಿಸ್ಮಸ್ ತರದ ತೀರಾ ರಶ್ ದಿನಗಳಲ್ಲಿ ಬಸ್ ಹತ್ತೋ ಮುಂಚೆ ರೂಮ್ ಬುಕಿಂಗೋ ಊಟದ ಬುಕಿಂಗೋ ಇದ್ಯಾ ಅಂತ ಕೇಳೋದಿದೆ, ಹಾಗಾಗಿ ಎಲ್ಲಾದ್ರೂ ಒಂದು ಊಟ ಬುಕ್ ಮಾಡಿರೋದೇ ಕ್ಷೇಮ. ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಮಕ್ಕಳಿಗೆ ಲೆಗೋ ಅಂಗಡಿ ಸಾಕು, ಹೊರಗೆ ಕೆರೆಯಲ್ಲಿ ಲೆಗೋ ಇಟ್ಟಿಗೆಯಲ್ಲೇ ಕಟ್ಟಿದ ದೊಡ್ಡ ಡ್ರ್ಯಾಗನ್ ಇದೆ. ಶಾಪಿಂಗ್ ಬಗ್ಗೆ ನನಗೆ ಹೇಳೋಕೆ ಹೆಚ್ಚೇನಿಲ್ಲ.

ಆದ್ರೆ ಅಲ್ಲಿಂದ ದೋಣಿ ಹತ್ತಿ. ಸಸ್ಸಗೂಲಾ ಅನ್ನೋ ಕಾಲುವೆ ತರದ ನದಿಯಲ್ಲಿ ಪೋರ್ಟ್ ಒರ್ಲೀನ್ಸ್ ಹೋಟೆಲ್‌ಗಳಿಗೆ ಫ್ರೀ ದೋಣಿ ಹೋಗತ್ತೆ. ಎರಡೂ ಕಡೆ ಮರ, ನೀರು, ತಣ್ಣನೆ ಗಾಳಿ. ಇಳಿದ ಕಡೆ ಫ್ರೆಂಚ್ ಕ್ವಾರ್ಟರ್‌ನಲ್ಲಿ ಮಿಕ್ಕಿ ಮುಖದ ಆಕಾರದ ಬೆನ್ಯೇ (ಮೈದಾ ಹಿಟ್ಟಿನ ಸಿಹಿ ತಿಂಡಿ) ಕರಿದು ಮೇಲೆ ಸಕ್ಕರೆ ಪುಡಿ ಸುರಿದು ಕೊಡ್ತಾರೆ, ಕಾಫಿ ಜೊತೆ ತಿಂದು ವಾಪಸ್ ಅದೇ ದೋಣಿಯಲ್ಲಿ ಬರಬಹುದು.

ಇನ್ನು ಮಾನೋರೈಲ್. ಇದು 1971ರಿಂದಲೇ ಇದೆ. ರೆಸಾರ್ಟ್ ಲೈನ್ ಅಂತ ಇರೋದು ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲುಗಳು, ಮ್ಯಾಜಿಕ್ ಕಿಂಗ್‌ಡಮ್ ಗೇಟು, ಕಾಂಟೆಂಪರರಿ ಹೋಟೆಲು ಹೀಗೆ ಕೆರೆ ಸುತ್ತ ಒಂದು ರೌಂಡ್ ಹೊಡೆಯತ್ತೆ, ಕಿಟಕಿಯಿಂದ ಕ್ಯಾಸಲ್ ಕಾಣತ್ತೆ, ಹತ್ತೋ ಮುಂಚೆ ಬ್ಯಾಗ್ ಚೆಕ್ ಮಾಡ್ತಾರೆ, ಟಿಕೆಟ್ ಕೇಳಲ್ಲ. ಕಾಂಟೆಂಪರರಿಯಲ್ಲಿ ರೈಲು ಹೋಟೆಲ್ ಕಟ್ಟಡದ ಒಳಗಡೆಯಿಂದಲೇ ಹಾದು ಹೋಗತ್ತೆ, ಕೆಳಗೆ ಜನ ತಿಂಡಿ ತಿಂತಿರ್ತಾರೆ ತಲೆ ಮೇಲೆ ರೈಲು, ಮಕ್ಕಳು ಕಣ್ ಮಿಟುಕಿಸಲ್ಲ. ಅಲ್ಲೇ ಮೇರಿ ಬ್ಲೇರ್ ಅನ್ನೋ ಕಲಾವಿದೆ ಮಾಡಿದ 90 ಅಡಿ ಎತ್ತರದ ಟೈಲ್ಸ್ ಚಿತ್ರ ಇದೆ, ಅದರಲ್ಲಿ ಒಂದು ಮೇಕೆಗೆ ಐದು ಕಾಲು, ಬೇಕಂತಲೇ ಹಾಗೆ ಬಿಡಿಸಿರೋದು. ಮಕ್ಕಳಿಗೆ ಹುಡುಕೋಕೆ ಹೇಳಿ, ಅಜ್ಜಿ ತಾತನೂ ಸೇರ್ಕೊಂಡು ಹುಡುಕ್ತಾರೆ.

"ಮಿಕ್ಕಿ ನೋಡ್ಲೇಬೇಕು ಅಂತಾಳೆ ಮಗಳು, ಅದಕ್ಕಾದ್ರೂ ಪಾರ್ಕಿಗೆ ಹೋಗ್ಬೇಕಲ್ಲ" ಅಂತಾರೆ ಕೆಲವರು. ಬೇಕಿಲ್ಲ. ಅದೇ ಕಾಂಟೆಂಪರರಿಯಲ್ಲಿ ಶೆಫ್ ಮಿಕ್ಕೀಸ್ ಅಂತ ಬಫೆ ಇದೆ, ಮಿಕ್ಕಿ, ಮಿನ್ನಿ, ಗೂಫಿ ಎಲ್ಲ ನಿಮ್ಮ ಟೇಬಲ್ ಹತ್ರಾನೇ ಬಂದು ಮಾತಾಡಿಸಿ ಫೋಟೋಗೆ ನಿಲ್ತಾರೆ. ಬಫೆ ಅಗ್ಗ ಅಲ್ಲ, ಆದ್ರೆ ಬೆಳಗಿನ ಬಫೆ ಪಾರ್ಕ್ ಟಿಕೆಟ್‌ಗಿಂತ ಬಹಳ ಕಡಿಮೆ, 3 ವರ್ಷದೊಳಗಿನ ಮಗೂಗೆ ಫ್ರೀ, ಬಿಸಿಲಲ್ಲಿ ಕ್ಯೂ ನಿಲ್ಲೋ ಕೆಲಸಾನೂ ಇಲ್ಲ. ಟಿಕೆಟ್‌ನಲ್ಲಿ ಉಳಿದ ದುಡ್ಡಲ್ಲಿ ಒಂದು ಪಾಲು ಹೀಗೆ ಒಂದು ಒಳ್ಳೆ ಊಟಕ್ಕೆ ಹಾಕಿ, ಅದು ದಂಡ ಅಲ್ಲ.

ಕೇಬಲ್ ಕಾರಿಗೆ ಸ್ಕೈಲೈನರ್ ಅಂತಾರೆ, 2019ರ ಸೆಪ್ಟೆಂಬರಲ್ಲಿ ಶುರುವಾಯ್ತು. ಒಂದು ಡಬ್ಬಿಯಲ್ಲಿ 10 ಜನ ಕೂರ್ಬೋದು. ಪಾಪ್ ಸೆಂಚುರಿ ಹೋಟೆಲ್ ಹತ್ರ ಹತ್ತಿ ಕ್ಯಾರಿಬಿಯನ್ ಬೀಚ್ ಅನ್ನೋ ಹೋಟೆಲ್‌ನಲ್ಲಿ ಲೈನ್ ಬದಲಾಯ್ಸಿ ಎಪ್‌ಕಾಟ್‌ನ ಹಿಂದಿನ ಗೇಟ್ ಹತ್ರ ಇಳೀಬಹುದು, ಸ್ಟೇಷನ್ ಗೇಟಿನ ಹೊರಗೇ ಇದೆ, ಅಲ್ಲಿಂದ ಎಪ್‌ಕಾಟ್ ಒಳಗೆ ಹೋಗದೆ ಕೆರೆ ದಂಡೆ ಮೇಲೆ ನಡೀತಾ ಬೋರ್ಡ್‌ವಾಕ್‌ಗೆ ಬನ್ನಿ. ಮರದ ಹಲಗೆ ಹಾಸಿದ ದಾರಿ, ಸಂಜೆ ಹೊತ್ತು ದೀಪ ಹಚ್ಚಿದ ಮೇಲೆ ಬಹಳ ಚಂದ. ಡಬ್ಬಿಯಲ್ಲಿ ಎಸಿ ಇಲ್ಲ, ಗಾಳಿ ಆಡತ್ತೆ ಅಷ್ಟೇ, ಗುಡುಗು ಸಿಡಿಲು ಬಂದ್ರೆ ನಿಲ್ಲಿಸ್ತಾರೆ, ದೋಣಿನೂ ಹಾಗೇನೇ. ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿ ಹೆಚ್ಚುಕಮ್ಮಿ ದಿನಾ ಮಧ್ಯಾಹ್ನ ಸಿಡಿಲು ಮಳೆ ಅನ್ಕೊಳ್ಳಿ, ಆವಾಗ ಬಂದ್ರೆ ಇದನ್ನ ಬೆಳಗ್ಗೆನೇ ಮುಗಿಸಿ.

ಫೋರ್ಟ್ ವೈಲ್ಡರ್‌ನೆಸ್ ಅನ್ನೋ ಕ್ಯಾಂಪಿಂಗ್ ಜಾಗಾನೂ 1971ರದ್ದೇ. ಮ್ಯಾಜಿಕ್ ಕಿಂಗ್‌ಡಮ್‌ನ ಮೇನ್ ಸ್ಟ್ರೀಟಲ್ಲಿ ಗಾಡಿ ಎಳೆಯೋ ದೊಡ್ಡ ಕುದುರೆಗಳ ಲಾಯ ಇಲ್ಲಿದೆ, ಹೋಗಿ ನೋಡೋಕೆ ದುಡ್ಡಿಲ್ಲ. ರಾತ್ರಿ ಡಿಸ್ನಿ ಕಾರ್ಟೂನಿನ ಅಳಿಲುಗಳಾದ ಚಿಪ್ ಮತ್ತೆ ಡೇಲ್ ಜೊತೆ ಬೆಂಕಿ ಸುತ್ತ ಕೂತು ಹಾಡೋದು, ಆಮೇಲೆ ಬಯಲಲ್ಲೇ ಸಿನಿಮಾ. ಹೊರಡೋ ಮುಂಚೆ ಫೋನ್ ಮಾಡಿ ಅವತ್ತು ಇದ್ಯಾ, ಹೊರಗಿನವರು ಬರಬಹುದಾ ಅಂತ ಕೇಳ್ಕೊಳ್ಳಿ. ಒಂದು ಮಾತು, ಅಲ್ಲಿ ಬೆಂಕಿಯಲ್ಲಿ ಸುಡೋ ಮಾರ್ಷ್‌ಮ್ಯಾಲೋ ಅನ್ನೋ ಮೆತ್ತನೆ ಸಿಹಿಯಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರತ್ತೆ, ಅದು ಪ್ರಾಣಿಯದ್ದು. ಬೇಡ ಅನ್ನೋರು ವೀಗನ್ ಮಾರ್ಷ್‌ಮ್ಯಾಲೋ ಮನೆ ಹತ್ರದ ಅಂಗಡಿಯಲ್ಲೇ ತಗೊಂಡು ಬನ್ನಿ, ಪಕ್ಕದ ಮಕ್ಕಳೆಲ್ಲ ತಿಂತಿರುವಾಗ ನಮ್ಮ ಮಗು ಸುಮ್ನೆ ಕೂರೋ ಹಾಗಾಗಬಾರದು.

ಈಜುಕೊಳ ಮಾತ್ರ ಕೇಳ್ಬೇಡಿ. ಅದು ಆ ಹೋಟೆಲಲ್ಲಿ ರೂಮ್ ತಗೊಂಡವರಿಗೆ ಮಾತ್ರ. "ಯಾರು ನೋಡ್ತಾರೆ, ಸುಮ್ನೆ ಇಳಿದ್ರಾಯ್ತು" ಅಂತ ಹೇಳಿದವರಿದಾರೆ, ದಯವಿಟ್ಟು ಮಾಡ್ಬೇಡಿ. ಲಾಬಿ, ದಾರಿ, ರೈಲು ಇವೆಲ್ಲ ಹೊರಗಿನವರಿಗೂ ತೆರೆದಿಟ್ಟಿರೋದೇ ದೊಡ್ಡದು, ನಾವು ಹೀಗೆ ಮಾಡಿದ್ರೆ ನಾಳೆ ಅದನ್ನೂ ಮುಚ್ತಾರೆ.

ಮತ್ತೆ ಒಂದೇ ದಿನದಲ್ಲಿ ಇದನ್ನೆಲ್ಲ ಮುಗಿಸೋಕೆ ಹೋಗ್ಬೇಡಿ. ಬಸ್ಸಿಗೆ ಕಾಯೋದೇ ಅರ್ಧ ಗಂಟೆ ಆಗಬಹುದು, ಒಂದು ಹೋಟೆಲಿಂದ ಇನ್ನೊಂದು ಹೋಟೆಲಿಗೆ ನೇರ ಬಸ್ ಇರಲ್ಲ, ಡಿಸ್ನಿ ಸ್ಪ್ರಿಂಗ್ಸ್‌ಗೋ ಯಾವುದಾದ್ರೂ ಪಾರ್ಕ್ ಗೇಟಿಗೋ ಬಂದು ಬದಲಾಯಿಸ್ಬೇಕು. ದಿನಕ್ಕೆ ಎರಡು ಜಾಗ, ಮಧ್ಯ ಒಂದು ಊಟ, ಅಷ್ಟು ಸಾಕು. ಅಮ್ಮಂದಿರು ಕಾಲು ನೋವು ಅಂತ ಬಾಯಿ ಬಿಟ್ಟು ಹೇಳಲ್ಲ, ನಾವೇ ನೋಡ್ಕೊಂಡು ಕೂರಿಸ್ಬೇಕು. ವೈಲ್ಡರ್‌ನೆಸ್ ಲಾಡ್ಜ್ ಅನ್ನೋ ಹೋಟೆಲಿನ ಲಾಬಿಯಲ್ಲಿ 82 ಅಡಿ ಎತ್ತರದ ಕಲ್ಲಿನ ಅಗ್ಗಿಷ್ಟಿಕೆ ಇದೆ, ಅದರ ಮುಂದಿನ ಕುರ್ಚಿಯಲ್ಲಿ ಕೂತು ಮನೆಯಿಂದ ತಂದ ಚಕ್ಕುಲಿ ತಿಂತಾ ಒಂದು ಗಂಟೆ ಕಳೆದ್ರೂ ಯಾರೂ ಏನೂ ಅನ್ನಲ್ಲ.

ಹಾಗಾದ್ರೆ ಟಿಕೆಟ್ ಯಾರಿಗೂ ಬೇಡ್ವಾ ಅಂದ್ರೆ, ಬೇಕು. ಕ್ಯಾಸಲ್ ಒಳಗೆ ಹೋಗ್ಬೇಕು ಅಂತ ತಿಂಗಳುಗಟ್ಟಲೆ ಕನಸು ಕಂಡಿರೋ ಏಳೆಂಟು ವರ್ಷದ ಮಗೂನ ಮಾನೋರೈಲಲ್ಲಿ ಸುತ್ತಿಸಿ ಕರ್ಕೊಂಡು ಬರೋದು ಅನ್ಯಾಯ. ಅಂಥ ಮನೆಯವರಿಗೆ ನಾನು ಹೇಳೋದು, ಎಲ್ಲರಿಗೂ ತಗೋಬೇಡಿ, ಎಲ್ಲರಿಗೂ ಬಿಡಲೂ ಬೇಡಿ. ಮಗು ಜೊತೆ ಅಪ್ಪನೋ ಅಮ್ಮನೋ ಒಬ್ಬರು ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗ್ಲಿ, ಇನ್ನೊಬ್ಬರು ಅಜ್ಜಿ ತಾತನ್ನ ಕರ್ಕೊಂಡು ಮಾನೋರೈಲು, ಗ್ರ್ಯಾಂಡ್ ಫ್ಲೋರಿಡಿಯನ್, ಪಾಲಿನೇಷಿಯನ್ ಅಂತ ನಿಧಾನವಾಗಿ ಸುತ್ತಲಿ. ಪಾರ್ಕ್ ಗೇಟಿಂದ ಕಾಂಟೆಂಪರರಿಗೆ ಹತ್ತು ನಿಮಿಷದ ನಡಿಗೆ, ರಾತ್ರಿ ಊಟಕ್ಕೆ ಅಲ್ಲೇ ಎಲ್ಲರಿಗೂ ಸೇರಿಸಿ ಟೇಬಲ್ ಬುಕ್ ಮಾಡಿ.