‘ಬರೀ ನೀರು ನೋಡ್ಕೊಂಡು ಬೋರಾಗಲ್ವಾ?’ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಲಾಸ್ ಏಂಜಲೀಸಿನಿಂದ ಹವಾಯಿಗೆ ಹಡಗಿನಲ್ಲಿ ಹೋಗಿಬರುವ ಹದಿನೈದು ದಿನದ ಪ್ರವಾಸದ ಮಾತೆತ್ತಿದರೆ ಸಾಕು, ಪ್ರಶ್ನೆ ಒಂದೇ: ‘ಹೋಗ್ತಾ ನಾಲ್ಕು ದಿನ, ಬರ್ತಾ ನಾಲ್ಕು ದಿನ, ಬರೀ ನೀರು. ಬೋರಾಗಲ್ವಾ?’ ಮದುವೆಮನೆಯಲ್ಲಿ ಕೇಳ್ತಾರೆ, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಕೇಳ್ತಾರೆ, ಟಿಕೆಟ್ ಆಗಲೇ ಕೊಂಡವರೂ ಫೋನ್ ಮಾಡಿ ಕೇಳ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಬೋರಾಗಲ್ಲ. ಎಂಟು ಜನ ಸ್ನೇಹಿತರು ಹೋಗಿ ನಾಲ್ಕನೇ ದಿನ ಮುಖ ಊದಿಸಿಕೊಂಡು ಕೂತಿದ್ದರೆ ಅದಕ್ಕೆ ಸಮುದ್ರ ಕಾರಣವಲ್ಲ, ತಯಾರಿ ಇಲ್ಲದಿರುವುದು ಕಾರಣ. ಆ ‘ಬರೀ’ ಅನ್ನುವ ಮಾತಿಗೆ ಆಮೇಲೆ ಬರ್ತೀನಿ, ಸಿಟ್ಟು ಬರುವುದು ಅದಕ್ಕೇ. ಮೊದಲು ಜಗಳ ತರುವ ಸಂಗತಿಗಳನ್ನು ಮುಗಿಸೋಣ.

ಗಡಿಯಾರ. ಕ್ಯಾಲಿಫೋರ್ನಿಯಾಕ್ಕೂ ಹವಾಯಿಗೂ ಚಳಿಗಾಲದಲ್ಲಿ 2 ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ 3, ಯಾಕೆಂದರೆ ಹವಾಯಿಯವರು ಬೇಸಿಗೆಗೆ ಗಡಿಯಾರ ತಿರುಗಿಸುವುದಿಲ್ಲ. ಹಡಗು ಇದನ್ನು ಒಂದೇ ಸಲ ಮಾಡದೆ ರಾತ್ರಿಗೊಂದು ಗಂಟೆಯಂತೆ ಸರಿಹೊಂದಿಸುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿಟ್ಟ ಫೋನಿಗೆ ಇದು ತಾನಾಗಿ ಗೊತ್ತಾಗುತ್ತದೆ ಅಂತ ನಂಬಬೇಡಿ. ಎಂಟು ಜನರಲ್ಲಿ ಮೂವರ ಫೋನು ಹಳೆಯ ಸಮಯ, ಐವರದು ಹೊಸದು. ಏಳೂವರೆ ಊಟಕ್ಕೆ ಯಾರು ಯಾರನ್ನು ಕಾಯಬೇಕು? ಫೋನಿನ ಆಟೊಮ್ಯಾಟಿಕ್ ಸಮಯ ಮೊದಲ ದಿನವೇ ತೆಗೆದುಹಾಕಿ, ಹಡಗಿನ ಸಮಯವನ್ನು ಕೈಯಾರೆ ಇಡಿ. ಏರೋಪ್ಲೇನ್ ಮೋಡ್ ಮಾತ್ರ ತೆಗೆಯಬೇಡಿ. ತೆಗೆದರೆ ಹಡಗಿನದೇ ಮೊಬೈಲ್ ಜಾಲ ನಿಮ್ಮ ಫೋನನ್ನು ಹಿಡಿದುಕೊಳ್ಳುತ್ತದೆ, ಅದರ ಬಿಲ್ಲು ಊರಿಗೆ ಬಂದ ಮೇಲೆ ಗೊತ್ತಾಗುತ್ತದೆ. ಹೋಗುವಾಗ ದಿನಕ್ಕೆ 25 ಗಂಟೆ ಸಿಗುತ್ತದೆ, ಎಲ್ಲರೂ ಖುಷಿಯಾಗಿರುತ್ತಾರೆ. ಬರುವಾಗ ಅದೇ ಗಂಟೆಗಳನ್ನು ವಾಪಸ್ ಕೊಡಬೇಕು. ತಿಂಡಿ ತಪ್ಪುವುದು, ಮಾತು ಗಡುಸಾಗುವುದು ಆ ದಿನಗಳಲ್ಲೇ. ಗಡಿಯಾರ ಮುಂದೆ ಹೋಗುವ ರಾತ್ರಿ ಒಂದು ಗಂಟೆ ಮುಂಚೆ ಮಲಗಿ.

ಭೇಟಿಯ ಜಾಗ. ದಿನವಿಡೀ ಎಂಟು ಜನ ಒಟ್ಟಿಗೇ ಇರಬೇಕು ಅನ್ನುವ ಹಟ ಬಿಡಿ. ದಿನಕ್ಕೆ ಎರಡೇ ಹೊತ್ತು ಗೊತ್ತು ಮಾಡಿಕೊಳ್ಳಿ: ಮಧ್ಯಾಹ್ನ 12ಕ್ಕೆ ಒಂದು ಡೆಕ್, ರಾತ್ರಿ ಊಟ. ಉಳಿದ ಹೊತ್ತು ಅವರವರದು. ಕ್ಯಾಬಿನ್ ಬಾಗಿಲು ಉಕ್ಕಿನದು, ಗೋಡೆಗಳೂ ಬಹುತೇಕ ಉಕ್ಕಿನವೇ. ಮನೆಯ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ನಾಲ್ಕು ತಂದರೆ ಬಾಗಿಲಿಗೆ ಚೀಟಿ ಸಿಕ್ಕಿಸಬಹುದು. ‘ಲೈಬ್ರರಿಯಲ್ಲಿದ್ದೀನಿ’ ಅಂತ ಬರೆದರೆ ಹನ್ನೆರಡು ಅಂತಸ್ತು ಹತ್ತಿಳಿದು ಹುಡುಕುವುದು ತಪ್ಪುತ್ತದೆ. ಕ್ವಿಜ್ ತಂಡದಲ್ಲಿ ಸಾಮಾನ್ಯವಾಗಿ ಆರು ಜನಕ್ಕಿಂತ ಹೆಚ್ಚು ಸೇರಿಸುವುದಿಲ್ಲ. ಎಂಟು ಜನ ಇದ್ದರೆ ಆರು-ಎರಡು ಮಾಡಬೇಡಿ, ನಾಲ್ಕು-ನಾಲ್ಕು ಮಾಡಿ. ಇಬ್ಬರನ್ನು ಬಿಟ್ಟ ನೋವು ವಾರವಿಡೀ ಇರುತ್ತದೆ. ಬಟ್ಟೆ ಒಗೆಯುವ ಯಂತ್ರ ಇರುವ ಹಡಗಾದರೆ ಬೆಳಿಗ್ಗೆ 7ರೊಳಗೆ ಮುಗಿಸಿ. ಸಮುದ್ರದ ದಿನ 10 ಗಂಟೆಗೆ ಹೋದರೆ ಉದ್ದದ ಸಾಲು. ಒಳ್ಳೆಯ ಬಟ್ಟೆ ಹಾಕುವ ಸಂಜೆಗಳೂ ಬಹುಪಾಲು ಸಮುದ್ರದ ದಿನಗಳಲ್ಲೇ. ಬೆಂಕಿಯ ಭಯಕ್ಕೆ ಇಸ್ತ್ರಿ ಪೆಟ್ಟಿಗೆ, ಅನ್ನದ ಕುಕ್ಕರ್ ಒಳಗೆ ಬಿಡುವುದಿಲ್ಲ, ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ರೇಷ್ಮೆ ಸೀರೆಯನ್ನು ಮಡಿಸದೆ ಸುತ್ತಿ ತನ್ನಿ, ಹಿಂದಿನ ದಿನವೇ ನೇತುಹಾಕಿ.

ಊಟ. ಶುದ್ಧ ಸಸ್ಯಾಹಾರಿಗಳಿಗೆ ಏನೂ ಸಿಗಲ್ಲ ಅನ್ನುವುದು ಸುಳ್ಳು. ಆದರೆ ಕೂತ ಮೇಲೆ ಕೇಳಿದರೆ ಸಿಗುವುದು ಸೊಪ್ಪು, ಬೇಯಿಸಿದ ಆಲೂಗಡ್ಡೆ. ಹೆಡ್ ವೇಟರ್‌ಗೆ ಹಿಂದಿನ ರಾತ್ರಿ ಊಟದ ಕೊನೆಯಲ್ಲಿ ಹೇಳಬೇಕು. ನಾಳೆಯ ಮೆನು ತಂದು ತೋರಿಸುತ್ತಾರೆ, ಯಾವುದರಿಂದ ಏನು ತೆಗೆಯಬೇಕು ಅಂತ ಬರೆದುಕೊಳ್ಳುತ್ತಾರೆ. ಬೇಳೆ, ಪಲ್ಯ, ರೊಟ್ಟಿ ಅಂತ ಭಾರತೀಯ ಅಡುಗೆಯನ್ನೂ ಹಲವು ಹಡಗುಗಳಲ್ಲಿ ಹೀಗೆ ಹೇಳಿ ಮಾಡಿಸಿಕೊಳ್ಳಬಹುದು. ಕೇಳಲೇಬೇಕಾದದ್ದು ಸೂಪಿನ ನೀರು: ತರಕಾರಿ ಸೂಪ್ ಅಂತ ಬರೆದಿದ್ದರೂ ಕೋಳಿಯ ರಸದಲ್ಲಿ ಕುದಿಸಿರಬಹುದು. ಅಂಗಡಿಯ ಸೀಲ್ ಇರುವ ಪೊಟ್ಟಣ ಬಿಡುತ್ತಾರೆ, ಮನೆಯಲ್ಲಿ ಕಟ್ಟಿದ ಚಟ್ನಿಪುಡಿಯ ಡಬ್ಬಿಗೆ ತಕರಾರು ಬರಬಹುದು. ಬಫೆಗೆ ಹೋಗುವ ಮುಂಚೆ ಸಾಬೂನು ಹಾಕಿ ಕೈ ತೊಳೆಯಿರಿ. ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಸಾಲದು. ಹಡಗುಗಳಲ್ಲಿ ವಾಂತಿ-ಭೇದಿ ಹರಡುವ ನೊರೊವೈರಸ್ ಅದಕ್ಕೆ ಸರಿಯಾಗಿ ಸಾಯುವುದಿಲ್ಲ.

ಊರಿಂದ ಬಂದ ಅಪ್ಪ-ಅಮ್ಮ ಜೊತೆಗಿದ್ದರೆ ಎರಡು ಮಾತು. ಬಿಪಿ, ಸಕ್ಕರೆ ಮಾತ್ರೆ ಪ್ರವಾಸದ ದಿನಕ್ಕಿಂತ ಒಂದು ವಾರ ಹೆಚ್ಚಿಗೆ ಇರಲಿ, ಅದೂ ಕೈಚೀಲದಲ್ಲಿ. ಬಂದರಿನಲ್ಲಿ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ ತಲುಪುವಷ್ಟರಲ್ಲಿ ಸಂಜೆಯಾಗುತ್ತದೆ. ದಾರಿಯ ಮಧ್ಯದ ಎರಡು ದಿನ ದಡದಿಂದ ಹಾರುವ ಸಾಮಾನ್ಯ ಹೆಲಿಕಾಪ್ಟರ್ ತಲುಪುವ ದೂರವಲ್ಲ, ಹಡಗಿನ ಆಸ್ಪತ್ರೆಯೇ ಗತಿ. ವಿಮೆ ಇಲ್ಲದೆ ಹತ್ತಬೇಡಿ. ಇನ್ನು ವೀಸಾ. ಹಡಗು ಕೊನೆಗೆ ಮೆಕ್ಸಿಕೋದ ಎನ್ಸೆನಾಡಾದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸುವಂತಿಲ್ಲ ಅನ್ನುವ 1886ರ ಕಾನೂನು ಅದಕ್ಕೆ ಕಾರಣ. ಅಂದರೆ ನೀವು ಅಮೆರಿಕ ಬಿಟ್ಟು ಮತ್ತೆ ಒಳಗೆ ಬಂದ ಹಾಗೆ. ಒಂದೇ ಪ್ರವೇಶದ ವೀಸಾ ಇರುವವರು, ಪಾಸ್‌ಪೋರ್ಟಿನಲ್ಲಿ ಎಚ್-1ಬಿ (ಕೆಲಸದ ವೀಸಾ) ಸ್ಟಾಂಪ್ ಮುಗಿದವರು ದುಡ್ಡು ಕಟ್ಟುವ ಮುಂಚೆ ವಕೀಲರನ್ನು ಕೇಳಿ.

ಹೊಟ್ಟೆ ತೊಳಸುವುದರ ಬಗ್ಗೆ ಕೇಳುವವರೂ ತಪ್ಪಾಗಿಯೇ ಕೇಳುತ್ತಾರೆ: ‘ದೊಡ್ಡ ಹಡಗಲ್ವಾ, ಅಲ್ಲಾಡಲ್ಲ ತಾನೆ?’ ಅಲ್ಲಾಡುತ್ತದೆ. ಹಡಗಿನ ಹೊಟ್ಟೆಯ ಎರಡೂ ಪಕ್ಕದಿಂದ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಹೊರಚಾಚುತ್ತವೆ. ಅಕ್ಕಪಕ್ಕದ ವಾಲಾಟವನ್ನು ಅವು ತಗ್ಗಿಸುತ್ತವೆ, ಮುಂದೆ-ಹಿಂದೆ ತೂಗುವುದನ್ನು ತಡೆಯಲಾರವು. ಮಕ್ಕಳ ಜಗ್ಗುಹಲಗೆಯ (ಸೀ-ಸಾ) ಆಟ ನೆನೆಸಿಕೊಳ್ಳಿ. ಮಧ್ಯದಲ್ಲಿ ಕೂತವರಿಗೆ ಏನೂ ಆಗುವುದಿಲ್ಲ, ತುದಿಯಲ್ಲಿ ಕೂತವರು ಹಾರಿ ಬೀಳುತ್ತಾರೆ. ಹಾಗಾಗಿ ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿರಲಿ. ಹೊಟ್ಟೆ ತೊಳಸುವುದನ್ನು ತಡೆಯುವ ಮಾತ್ರೆ, ಅವೊಮಿನ್ ಆಗಲಿ ಮೆಕ್ಲಿಜಿನ್ ಆಗಲಿ, ಡಾಕ್ಟರರನ್ನು ಕೇಳಿ, ಹಡಗು ಹೊರಡುವ ಮುಂಚೆಯೇ ತಗೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಖಾಲಿ ಹೊಟ್ಟೆ ಬೇಡ. ಶುಂಠಿ ಬಾಯಲ್ಲಿರಲಿ, ಕಣ್ಣು ದಿಗಂತದ ಮೇಲಿರಲಿ, ಕೈಯಲ್ಲಿ ಫೋನ್ ಬೇಡ.

ಈಗ ‘ಬರೀ’ಗೆ ಬರೋಣ.

‘ಬರೀ ಅನ್ನ’ ಅಂದರೆ ಸಾರಿಲ್ಲ, ಪಲ್ಯ ಇಲ್ಲ ಅಂತ ಅರ್ಥ. ‘ಬರೀ ನೀರು’ ಅನ್ನುವವರು ಇಲ್ಲಿ ಏನೋ ಇರಬೇಕಿತ್ತು, ಇಲ್ಲ ಅಂತ ದೂರುತ್ತಿದ್ದಾರೆ. ಲಾಸ್ ಏಂಜಲೀಸಿನಿಂದ ಹೊನೊಲುಲುವಿಗೆ ಸುಮಾರು 2,230 ನಾಟಿಕಲ್ ಮೈಲಿ, 4,100 ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ನೆಲದ ಮೇಲೆ ಹೋಗಿ ಬಂದವರನ್ನು ‘ಬರೀ ಮಣ್ಣು, ಬೋರಾಗಲ್ವಾ’ ಅಂತ ಯಾರಾದರೂ ಕೇಳ್ತಾರಾ? ಕೇಳಬೇಕಾದ ಪ್ರಶ್ನೆ ಬೇರೆ ಇದೆ: ನಿನ್ನೆಯ ನೀರಿಗೂ ಇವತ್ತಿನ ನೀರಿಗೂ ಏನು ವ್ಯತ್ಯಾಸ? ಇದನ್ನು ಯಾರೂ ಕೇಳಿಲ್ಲ. ಕೇಳಿದ್ದೀರಿ ಅಂದುಕೊಂಡು ಉತ್ತರ ಕೊಡುತ್ತೇನೆ.

ಮೊದಲ ದಿನದ ನೀರು ಹಸಿರು ಮಿಶ್ರಿತ ಬೂದು. ಉತ್ತರದಿಂದ ಇಳಿದು ಬರುವ ಕ್ಯಾಲಿಫೋರ್ನಿಯಾ ಪ್ರವಾಹ ತಣ್ಣಗಿರುತ್ತದೆ, ಅದರಲ್ಲಿ ಕಣ್ಣಿಗೆ ಕಾಣದ ಪಾಚಿಜೀವಿಗಳು ತುಂಬಿರುತ್ತವೆ, ಹಸಿರು ಅವುಗಳದ್ದು. ಮೇಲೆ ಚಾವಣಿ ಹಾಸಿದ ಹಾಗೆ ತಗ್ಗಿನ ಮೋಡ. ಹವಾಯಿ ಅಂತ ಅರ್ಧ ತೋಳಿನ ಅಂಗಿ ತಂದವರು ಡೆಕ್ ಮೇಲೆ ನಡುಗುತ್ತಾರೆ. ವಾಯವ್ಯದ ದೊಡ್ಡ ಅಲೆಗಳು ಹಡಗಿನ ಬಲಮಗ್ಗುಲಿಗೆ ಬಂದು ತಾಕುವುದೂ ಈ ಮೊದಲ ಒಂದೆರಡು ದಿನಗಳಲ್ಲೇ. ಮೂರನೇ ದಿನದ ಹೊತ್ತಿಗೆ ಚಾವಣಿ ಹರಿದು ಹತ್ತಿಯ ಉಂಡೆಗಳಂಥ ಮೋಡವಾಗುತ್ತದೆ, ನೀರು ಕಡುನೀಲಿಯಾಗುತ್ತದೆ. ಆ ನೀಲಿ ಬಡತನದ ಬಣ್ಣ: ಅಲ್ಲಿ ಜೀವಿಗಳಿಗೆ ಆಹಾರ ಕಡಿಮೆ, ಬೆಳಕನ್ನು ತಡೆಯಲು ನೀರಲ್ಲಿ ಏನೂ ಇಲ್ಲ. ಕೆಳಗೆ ಆಳ ಹೆಚ್ಚಿನ ಕಡೆ 4ರಿಂದ 5 ಕಿಲೋಮೀಟರ್. ಇಲ್ಲಿಂದ ಮುಂದೆ ಹಡಗಿನ ಮೂತಿಯ ಹತ್ತಿರದ ನೀರನ್ನೇ ನೋಡುತ್ತಿರಿ. ಹಾರುಮೀನುಗಳು ಬೆದರಿ ಎದ್ದು, ಅಲೆಯ ನೆತ್ತಿ ಸವರಿಕೊಂಡು ದೂರ ತೇಲಿ ಹೋಗಿ ಬೀಳುತ್ತವೆ. ಅವು ಏಳುವುದು ಹಡಗಿನ ಪಕ್ಕದಲ್ಲೇ. ದೂರಕ್ಕೆ ದುರ್ಬೀನು ಹಿಡಿದು ಕೂತವರಿಗೆ ಕಾಣುವುದಿಲ್ಲ.

ಗಾಳಿಯೂ ಬದಲಾಗುತ್ತದೆ. ಈ ಭಾಗದ ವಾಣಿಜ್ಯ ಮಾರುತ ಈಶಾನ್ಯದಿಂದ ಬೀಸುತ್ತದೆ, ಹಡಗು ಹೋಗುವುದು ನೈಋತ್ಯಕ್ಕಿಂತ ತುಸು ಪಶ್ಚಿಮಕ್ಕೆ. ಗಾಳಿ 18 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ), ಹಡಗೂ 18 ನಾಟ್, ಎರಡೂ ಒಂದೇ ಕಡೆಗೆ. ಡೆಕ್ ಮೇಲೆ ಎಲೆ ಅಲುಗುವುದಿಲ್ಲ, ಬಿಸಿಲು ಗೊತ್ತಾಗದೆ ಚರ್ಮ ಸುಡುತ್ತದೆ. ಬರುವಾಗ ಲೆಕ್ಕ ತಿರುಗುಮುರುಗು. ಎರಡೂ ಕೂಡಿ 36 ನಾಟ್, ಗಂಟೆಗೆ ಸುಮಾರು 67 ಕಿಲೋಮೀಟರ್ ಗಾಳಿ ಮುಖಕ್ಕೆ. ಆಗ ಕ್ಯಾಬಿನ್ ಬಾಗಿಲನ್ನೂ ಬಾಲ್ಕನಿ ಬಾಗಿಲನ್ನೂ ಒಟ್ಟಿಗೆ ತೆರೆಯಲೇಬೇಡಿ. ಗಾಳಿ ಒಳಗಿಂದ ನುಗ್ಗಿ ಬಾಗಿಲು ಬಡಿಯುವ ಜೋರಿಗೆ ಬೆರಳು ಉಳಿಯುವುದಿಲ್ಲ. ಬಾಲ್ಕನಿ ಆರಿಸುವಾಗಲೂ ಇದೇ ದಿಕ್ಕಿನ ಲೆಕ್ಕ: ಚಳಿಗಾಲದ ಸೂರ್ಯ ದಕ್ಷಿಣದಲ್ಲಿರುವುದರಿಂದ ಹೋಗುವಾಗ ಎಡಬದಿಗೆ ಬಿಸಿಲು, ಬಲಬದಿಗೆ ನೆರಳು. ಬರುವಾಗ ಅದಲುಬದಲು.

ಎಲ್ಲಕ್ಕಿಂತ ಹೆಚ್ಚಾಗಿ ಒಂದನ್ನು ನೋಡಿ ಅಂತ ಕೈ ಹಿಡಿದು ಹೇಳುತ್ತೇನೆ. ಗಡಿಯಾರ ಹಿಂದೆ ಹೋದ ರಾತ್ರಿಯ ಮರುದಿನ ಬೆಳಗಿನ ಜಾವ ತಾನಾಗಿಯೇ ಎಚ್ಚರವಾಗುತ್ತದೆ. ಐದು ಗಂಟೆಗೆ ಮೇಲಿನ ಡೆಕ್ಕಿನ ಮುಂಭಾಗಕ್ಕೆ ಹೋಗಿ ಬಲಗಡೆಯ ಕಂಬಿ ಹಿಡಿದು ನಿಲ್ಲಿ. ಹಡಗು ನಡೆಸುವವರ ಕಣ್ಣಿಗೆ ಕುಕ್ಕಬಾರದೆಂದು ಅಲ್ಲಿ ದೀಪ ಕಡಿಮೆ. ಚಳಿಗಾಲದಲ್ಲಿ ಆ ಹೊತ್ತಿಗೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಅದರ ಚೌಕದ ಹೊರ ಅಂಚಿನ ಎರಡು ನಕ್ಷತ್ರಗಳಾದ ಪುಲಹನಿಂದ ಕ್ರತುವಿಗೆ ಗೆರೆ ಎಳೆದು ಅದರ ಐದರಷ್ಟು ಮುಂದಕ್ಕೆ ಹೋದರೆ ಧ್ರುವ ಸಿಗುತ್ತಾನೆ, ಮದುವೆಯಲ್ಲಿ ಪುರೋಹಿತರು ಅರುಂಧತಿಯ ಜೊತೆ ತೋರಿಸುವವನು. ತೋಳು ನೀಟಾಗಿ ಚಾಚಿ ಮುಷ್ಟಿ ಕಟ್ಟಿ. ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿ. ಧ್ರುವ ಎಷ್ಟು ಎತ್ತರದಲ್ಲಿದ್ದಾನೋ ನೀವಿರುವ ಅಕ್ಷಾಂಶ ಅಷ್ಟು. ಲಾಸ್ ಏಂಜಲೀಸಿನಲ್ಲಿ 34, ಮೂರೂವರೆ ಮುಷ್ಟಿ. ಹೊನೊಲುಲುವಿನಲ್ಲಿ 21, ಎರಡು. ನಡುವಿನ ದಿನಗಳಲ್ಲಿ ದಿನಕ್ಕೆ ಸುಮಾರು 3 ಡಿಗ್ರಿ, ಎರಡು ಬೆರಳಿನ ಅಗಲದಷ್ಟು ಕೆಳಗಿಳಿಯುತ್ತಾನೆ. ಬೆಂಗಳೂರಿನಲ್ಲಿ 13 ಡಿಗ್ರಿ, ಒಂದು ಮುಷ್ಟಿಗಿಂತ ತುಸು ಮೇಲೆ. ಅಲ್ಲಿ ಕಟ್ಟಡಗಳ ಹಿಂದೆ ಅವನು ಸಿಗದಿರುವುದು ಅದಕ್ಕೇ. ಎಂಟು ಜನರ ಮುಷ್ಟಿಯ ಲೆಕ್ಕವನ್ನೂ ಬರೆದಿಟ್ಟುಕೊಂಡು, ಮಧ್ಯಾಹ್ನ 12ರ ಸುಮಾರಿಗೆ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಅಕ್ಷಾಂಶ ಹೇಳಿದಾಗ ಹೋಲಿಸಿ. ಏರೋಪ್ಲೇನ್ ಮೋಡ್‌ನಲ್ಲೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ, ಅದರಲ್ಲೂ ಸಂಖ್ಯೆ ಸಿಗುತ್ತದೆ. ಮೊದಲು ಮುಷ್ಟಿ, ಆಮೇಲೆ ಫೋನ್.

ಬರುವ ದಾರಿಯಲ್ಲಿ ಧ್ರುವ ಎಡಗಡೆ ಸಿಗುತ್ತಾನೆ, ದಿನದಿನಕ್ಕೆ ಮೇಲೇರುತ್ತಾನೆ. ಮೂರು ಮುಷ್ಟಿ ದಾಟಿ, ಬೆಳಿಗ್ಗೆ ನೀರು ಮತ್ತೆ ಹಸಿರಾಗಿದ್ದರೆ ಎನ್ಸೆನಾಡಾ ದೂರವಿಲ್ಲ. ಸೂಟ್‌ಕೇಸಿನ ತಳದಿಂದ ಜಾಕೆಟ್ ತೆಗೆದಿಡಿ.