ಸ್ಟಾಫ್ ನಿಮ್ಮ ಮಾತು ಹೇಗೆ ಕೇಳ್ತಿದ್ರು ಮೇಡಂ?

ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಕೊನೆಯ ಹನ್ನೊಂದು ವರ್ಷ ಸಣ್ಣ ಊರುಗಳಲ್ಲಿ ಮ್ಯಾನೇಜರ್ ಆಗಿದ್ದೆ. ಹೊಸದಾಗಿ ಬ್ರಾಂಚ್ ಸಿಕ್ಕ ಹುಡುಗ ಹುಡುಗಿಯರು ಈಗಲೂ ಫೋನ್ ಮಾಡುತ್ತಾರೆ. ಊಟ ಆಯ್ತಾ, ಮಂಡಿನೋವು ಹೇಗಿದೆ ಅಂತ ಸುತ್ತಿ ಬಳಸಿ ಕೊನೆಗೆ ಕೇಳುವುದು ಒಂದೇ: "ನಿಮಗಿಂತ ವಯಸ್ಸಾದ ಸ್ಟಾಫೂ ನಿಮ್ಮ ಮಾತು ಕೇಳ್ತಿದ್ರಲ್ಲ ಮೇಡಂ, ಅದು ಹೇಗೆ?"

ಮಾತು ಕೇಳುತ್ತಿದ್ದರೋ ಇಲ್ಲವೋ, ನನಗೇ ಅನುಮಾನ. ಆದರೆ ನಾನು ಎಷ್ಟು ಹೊತ್ತಿಗೆ ಬರುತ್ತೇನೆ, ಗಲಾಟೆಯಾದಾಗ ಎಲ್ಲಿ ನಿಲ್ಲುತ್ತೇನೆ, ಇವೆರಡನ್ನು ಮಾತ್ರ ಒಂದು ದಿನವೂ ಬಿಡದೆ ನೋಡುತ್ತಿದ್ದರು.

ಬೀಗದ ಕೈ ವಿಷಯವನ್ನೇ ತಗೊಳ್ಳಿ. ಸೇಫ್ ತೆರೆಯಲು ಎರಡು ಕೀ ಬೇಕು. ಒಂದು ಕ್ಯಾಶಿಯರ್ ಹತ್ತಿರ, ಇನ್ನೊಂದು ಅಧಿಕಾರಿ ಹತ್ತಿರ. ನಾಲ್ಕೈದು ಜನರ ನಮ್ಮ ಶಾಖೆಯಲ್ಲಿ ಆ ಇನ್ನೊಂದು ಕೀ ನನ್ನ ಬ್ಯಾಗಿನಲ್ಲೇ ಇತ್ತು. ನಾನು ಹದಿನೈದು ನಿಮಿಷ ತಡ ಮಾಡಿದರೆ ಕ್ಯಾಶ್ ಕೌಂಟರೂ ಹದಿನೈದು ನಿಮಿಷ ತಡ. ತಿಂಗಳ ಮೊದಲ ದಿನ ಪೆನ್ಷನ್‌ಗೆ ಬಂದ ಅಜ್ಜಂದಿರು ಬೈಯುವುದು ನನ್ನನ್ನಲ್ಲ, ಗಾಜಿನ ಹಿಂದೆ ಕೈ ಕಟ್ಟಿ ಕೂತ ಕ್ಯಾಶಿಯರನ್ನು. ಇದು ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ದಿನ ಬಸ್ಸು ಕೈಕೊಟ್ಟು ಹತ್ತೂ ಇಪ್ಪತ್ತಕ್ಕೆ ಏದುಸಿರು ಬಿಡುತ್ತಾ ಒಳಗೆ ಬಂದೆ. ಕ್ಯಾಶಿಯರ್ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದರು. ಆ "ಗುಡ್" ಸ್ವಲ್ಪ ಉದ್ದವಾಗಿತ್ತು. ಮಾರನೇ ದಿನದಿಂದ ಅದಕ್ಕಿಂತ ಮೊದಲು ಬರುವ ಬಸ್ಸು ಹಿಡಿದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನಮ್ಮ ಕ್ಲರ್ಕ್ ಒಬ್ಬರು ಎಫ್‌ಡಿಯಲ್ಲಿ ನಾಮಿನಿ ಹೆಸರು ತಪ್ಪಾಗಿ ಹಾಕಿದ್ದರು. ಗ್ರಾಹಕ ಬಂದು ಕೂಗಾಡಿದ. ಅವನನ್ನು ತಣ್ಣಗಾಗಿಸಲು ಅವನೆದುರೇ ಕ್ಲರ್ಕನ್ನು ಗದರಿಬಿಟ್ಟೆ. ಅವನಿಗೆ ಖುಷಿಯಾಯಿತು, ಕಾಫಿ ಕುಡಿದು ಹೋದ. ಕ್ಲರ್ಕ್ ತಿರುಗಿ ಒಂದು ಮಾತೂ ಆಡಲಿಲ್ಲ. ಆದರೆ ಮಾರನೇ ದಿನದಿಂದ ಪ್ರತಿಯೊಂದು ಕಾಗದವೂ ನನ್ನ ಮೇಜಿಗೆ ಬರತೊಡಗಿತು. ವಿಳಾಸ ಬದಲಾವಣೆ, ಚೆಕ್‌ಬುಕ್ ಅರ್ಜಿ, ಕೊನೆಗೆ ಪಾಸ್‌ಬುಕ್ ಕಳೆದವರ ಪತ್ರ ಕೂಡ. "ನೀವೇ ಒಂದ್ಸಲ ನೋಡಿಬಿಡಿ ಮೇಡಂ, ತಪ್ಪಾಗಬಾರದು." ರೂಲ್ಸ್ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು. ಇಂಥದ್ದಕ್ಕೆ ಮೆಮೊ ಕೊಡುವುದಾದರೂ ಹೇಗೆ?

ಕ್ಯಾಬಿನ್‌ಗೆ ಕರೆದು ತಪ್ಪಾಯ್ತು ಎಂದೆ. "ಅಯ್ಯೋ, ಪರವಾಗಿಲ್ಲ ಮೇಡಂ" ಎಂದರು. ಕಾಗದಗಳು ಬರುವುದು ನಿಲ್ಲಲಿಲ್ಲ. ಬೈದದ್ದು ಹಾಲ್‌ನಲ್ಲಿ, ಕ್ಷಮೆ ಕೇಳಿದ್ದು ಬಾಗಿಲು ಹಾಕಿಕೊಂಡು. ಲೆಕ್ಕ ಹೊಂದಲಿಲ್ಲ, ಅಲ್ವಾ? ಕೆಲವು ವಾರ ಕಳೆದು ಇನ್ನೊಬ್ಬ ಗ್ರಾಹಕ ಇನ್ಯಾವುದಕ್ಕೋ ಅವರ ಮೇಲೆ ಏರಿಹೋದ. ಈ ಸಲ ಎದ್ದು ಹೋಗಿ ಕೌಂಟರಿನ ಒಳಗೆ, ಕ್ಲರ್ಕ್ ಪಕ್ಕದಲ್ಲಿ ನಿಂತೆ. "ಇದನ್ನ ಪಾಸ್ ಮಾಡಿದವಳು ನಾನು. ನನ್ನನ್ನ ಕೇಳಿ" ಎಂದೆ. ಸುಳ್ಳೇನಲ್ಲ, ಕ್ಲರ್ಕ್ ಮಾಡಿದ್ದನ್ನು ಅಧಿಕಾರಿ ನೋಡಿ ಪಾಸ್ ಮಾಡಿದರೇನೇ ಅದು ಮುಂದೆ ಹೋಗುವುದು. ಮಾರನೇ ವಾರ ಚೆಕ್‌ಬುಕ್ ಅರ್ಜಿಗಳು ಬರುವುದು ನಿಂತಿತು.

ಟ್ರೈನಿಂಗ್‌ಗಳಲ್ಲಿ ಸತೀಶ್ ಧವನ್ ಕಥೆ ಹೇಳುತ್ತಾರೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಇಸ್ರೋ ಅಧ್ಯಕ್ಷರಾಗಿದ್ದ ಧವನ್ ಪತ್ರಕರ್ತರ ಮುಂದೆ ತಾವೇ ಕೂತು ಹೊಣೆ ಹೊತ್ತರು. 1980ರ ಜುಲೈನಲ್ಲಿ ಅದೇ ರಾಕೆಟ್ ಗೆದ್ದಾಗ ಮಾತಾಡಲು ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಟ್ಟರು. ಕಲಾಂ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದು ಇದು. ಕೇಳಿದಾಗಲೆಲ್ಲ ಮೈ ಜುಮ್ ಅನ್ನುತ್ತದೆ. ಆದರೆ ರಾಕೆಟ್ ಬೀಳುವುದು ಅಪರೂಪ. ನಮ್ಮಲ್ಲಿ ನಾಮಿನಿ ಹೆಸರು ವಾರಕ್ಕೊಮ್ಮೆ ತಪ್ಪಾಗುತ್ತದೆ.

ಸ್ಟಾಫ್ ಜೊತೆ ಕೂತು ಊಟ ಮಾಡಿ ಅಂತಲೂ ಹೇಳಿಕೊಡುತ್ತಾರೆ. ಮಾಡಿದೆ. ಬಾಕ್ಸ್ ಹಿಡಿದು ರೆಕಾರ್ಡ್ ರೂಮಿಗೆ ಹೋದೆ. ನಾನು ಕಾಲಿಟ್ಟ ಕೂಡಲೇ ನಗು ನಿಂತಿತು. ಎಲ್ಲರೂ ನನ್ನ ಪಲ್ಯ ಹೊಗಳಿದರು. ಒಂದು ವಾರ ಹೀಗೇ ಆದಮೇಲೆ ಅರ್ಥವಾಯಿತು, ಅದು ಅವರು ಮ್ಯಾನೇಜರನ್ನು ಬೈದುಕೊಳ್ಳುವ ಜಾಗ. ಅದನ್ನೂ ಕಿತ್ತುಕೊಂಡರೆ ಹೇಗೆ? ಮತ್ತೆ ಕ್ಯಾಬಿನ್‌ನಲ್ಲೇ ಉಂಡೆ. ಯಾರದ್ದಾದರೂ ಹುಟ್ಟುಹಬ್ಬ ಇದ್ದರೆ ಮಾತ್ರ ಹೋಗುತ್ತಿದ್ದೆ.

"ಇದೆಲ್ಲ ಸರಿ ಮೇಡಂ, ಟಾರ್ಗೆಟ್?" ಅಂತ ಕೇಳುತ್ತಾರೆ. ಕೆಲವು ವರ್ಷ ಆಗುತ್ತಿತ್ತು, ಕೆಲವು ವರ್ಷ ಇಲ್ಲ. ಮಳೆ ಬಾರದ ವರ್ಷ ಶೇಂಗಾ ಬೆಳೆಯುವ ಊರಲ್ಲಿ ಯಾವ ಲೀಡರ್‌ಶಿಪ್ಪೂ ಡೆಪಾಸಿಟ್ ತರುವುದಿಲ್ಲ.

ನೋಟು ರದ್ದಾದ ದಿನಗಳನ್ನು ಮಾತ್ರ ಮರೆಯಲಾಗದು. 2016ರ ನವೆಂಬರ್ 8ರ ರಾತ್ರಿ ಘೋಷಣೆ. 9ಕ್ಕೆ ಬ್ಯಾಂಕು ಬಂದ್. 10ರ ಬೆಳಗ್ಗೆ ಬಾಗಿಲು ತೆರೆದರೆ ಕ್ಯೂ ರಸ್ತೆ ತಿರುವಿನ ತನಕ. ಶನಿವಾರ, ಭಾನುವಾರವೂ ಕೆಲಸ. ಭಾನುವಾರ ಎಲ್ಲರೂ ಬಂದರು. ನನ್ನ ಮುಖ ನೋಡಿ ಬಂದರು ಅಂತ ಜಂಬ ಕೊಚ್ಚಿಕೊಳ್ಳಲಾರೆ, ಮೇಲಿನಿಂದ ಆರ್ಡರ್ ಇತ್ತು.

ಆ ಶನಿವಾರ ಸಂಜೆ ಕ್ಯಾಶ್ ಟ್ಯಾಲಿ ಆಗಲಿಲ್ಲ. ಎರಡು ಸಾವಿರ ಕಮ್ಮಿ. ಅಂದರೆ ಹೊಸ ಗುಲಾಬಿ ನೋಟು ಒಂದು. ಆಗ ಕೌಂಟರಿನಲ್ಲಿ ದಿನಕ್ಕೆ ಹತ್ತು ಸಾವಿರದ ಮಿತಿ, ಐದು ನೋಟು ಎಣಿಸಿ ಕೊಡುವುದು. ಗರಿಗರಿ ನೋಟು ಒಂದಕ್ಕೊಂದು ಅಂಟಿಕೊಂಡು ಯಾರಿಗೋ ಆರು ಹೋಗಿರಬೇಕು. ಕಮ್ಮಿ ಬಿದ್ದದ್ದನ್ನು ಕ್ಯಾಶಿಯರೇ ಕೈಯಿಂದ ಕಟ್ಟಬೇಕು. ನಾನು ಕೊಡುತ್ತೇನೆ ಅನ್ನಲು ಬಾಯಿ ಬರಲಿಲ್ಲ. ಅವರು ಅದನ್ನು ಅವಮಾನ ಅಂದುಕೊಳ್ಳುವ ಮನುಷ್ಯ. ಸುಮ್ನೆ ಒಳಗೆ ಹೋಗಿ ಸ್ಟೂಲ್ ಎಳೆದುಕೊಂಡು ಕೂತೆ. ಸ್ಪಂಜಿನ ಡಬ್ಬಿಗೆ ನೀರು ಹಾಕಿಕೊಂಡೆ. ಹತ್ತು ರೂಪಾಯಿ ಕಟ್ಟುಗಳನ್ನು, ಬೆವರು ವಾಸನೆಯ ಮೆತ್ತಗಿನ ನೋಟುಗಳನ್ನು, ನೂರು ನೂರಾಗಿ ಎಣಿಸುತ್ತಾ ಹೋದೆ. ಅವರು ದೊಡ್ಡ ನೋಟು ಎಣಿಸಿದರು. ಮಾತಿಲ್ಲ. ಒಂಬತ್ತೂವರೆಯಾದರೂ ನೋಟು ಸಿಗಲಿಲ್ಲ. ಅವರ ಖಾತೆಯಿಂದಲೇ ಹಣ ಕಟ್ಟಿ ಲೆಕ್ಕ ಮುಗಿಸಿ, ಇಬ್ಬರೂ ಒಂದೊಂದು ಕೀ ತಿರುಗಿಸಿ ಸೇಫ್ ಮುಚ್ಚಿದೆವು.

ಕಡೇ ಬಸ್ಸಿಗೆ ಹೊತ್ತಾಗಿತ್ತು. ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಇಳಿಯುವಾಗ ಅವರೇ ಬಾಯಿಬಿಟ್ಟರು: "ಬೇಜಾರು ಮಾಡ್ಕೋಬೇಡಿ ಮೇಡಂ. ನೀವು ಎಣಿಸಿದ ಕಟ್ಟು ಎಲ್ಲಾನೂ ನಾನು ಇನ್ನೊಂದ್ಸಲ ಎಣಿಸ್ದೆ."