ಘಟ್ಟ ಯಾವಾಗ ದಾಟಿತು?

ಅಮ್ಮನಿಗೆ ಮೊಣಕಾಲು ನೋವು. ಎಂಟು ಗಂಟೆ ಬಸ್ಸಿನಲ್ಲಿ ಕಾಲು ಮಡಚಿ ಕೂರುವುದು ಬೇಡ ಎಂದು ಡಾಕ್ಟರ್ ಹೇಳಿದ್ದರು. ಹಾಗಾಗಿ ಈ ಜುಲೈನಲ್ಲಿ ಪುತ್ತೂರಿಗೆ ಹೋಗಲು ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದ ಟಿಕೆಟ್ ಮಾಡಿದೆ. ಅಮ್ಮನಿಗೆ ಇದೇ ಮೊದಲ ವಿಮಾನ. ಆದರೂ ಹೊರಡುವಾಗ ಕೈಯಲ್ಲಿ ಲಿಂಬೆಹಣ್ಣು ಇತ್ತು. ಶಿರಾಡಿ ಘಾಟಿಯ ತಿರುವುಗಳಲ್ಲಿ ವಾಂತಿ ಬಾರದ ಹಾಗೆ ಮೂಸಲು ಯಾವಾಗಲೂ ಹಿಡಿದುಕೊಳ್ಳುತ್ತಾಳೆ.

"ಎಷ್ಟು ಹೊತ್ತು ಉಂಟು ಮಗಾ?" ಎಂದು ಕೇಳಿದಳು. ಟಿಕೆಟ್ಟಿನಲ್ಲಿ 1 ಗಂಟೆ 10 ನಿಮಿಷ ಅಂತ ಇತ್ತು. ಅಷ್ಟೂ ಹೊತ್ತು ಹಾರುವುದಿಲ್ಲ. ವಿಮಾನ ನಿಂತ ಜಾಗ ಬಿಟ್ಟು, ಇನ್ನೊಂದು ಊರಿನಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ನಮ್ಮದು ರೆಕ್ಕೆಗೆ ಪಂಖ ಇರುವ ಎಟಿಆರ್ ವಿಮಾನ. ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ. ಏರುವುದು, ಇಳಿಯುವುದು ಸೇರಿದರೂ ಆಕಾಶದಲ್ಲಿ ಮುಕ್ಕಾಲು ಗಂಟೆ ಸಾಕು.

ಜಯನಗರದ ಮನೆಯಿಂದ ಐದೂವರೆಗೆ ಹೊರಟೆವು. ದೇವನಹಳ್ಳಿ ಮುಟ್ಟಿದಾಗ ಏಳು ಗಂಟೆ. ಅಲ್ಲೇ ಹಾರುವ ಸಮಯದ ಎರಡರಷ್ಟು ಮುಗಿದಿತ್ತು! 8.50ರ ವಿಮಾನ ಸರಿಯಾದ ಹೊತ್ತಿಗೆ ಹೊರಟಿತು. ಸ್ವಲ್ಪ ಹೊತ್ತು ಕೆಳಗೆ ಕೆರೆ, ತೆಂಗಿನ ತೋಟ ಕಂಡವು. ಆಮೇಲೆ ಬರೀ ಬಿಳಿ ಮೋಡ.

ಆ ಮೋಡದ ಅಡಿಯಲ್ಲೇ ಘಟ್ಟ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ 55 ಕಿ.ಮೀ. ರೈಲು ದಾರಿಯಲ್ಲಿ 57 ಸುರಂಗಗಳಿವೆ. ಅಲ್ಲಿ ರೈಲು ಗಂಟೆಗೆ 30 ಕಿ.ಮೀ. ದಾಟುವಂತಿಲ್ಲ. ಹಳಿ ಅಗಲ ಮಾಡಲು 1996ರಲ್ಲಿ ನಿಲ್ಲಿಸಿದ ಪ್ರಯಾಣಿಕರ ರೈಲು ಮತ್ತೆ ಶುರುವಾದದ್ದು 2007ರ ಡಿಸೆಂಬರಿನಲ್ಲಿ. ಅಷ್ಟೂ ವರ್ಷ ನಮಗೆ ಬಸ್ಸೇ ಗತಿ. ಗುಂಡ್ಯದಲ್ಲಿ ಲಾರಿ ಸಾಲಿನ ಹಿಂದೆ ಬೆಳಗು ಮಾಡಿದ ರಾತ್ರಿಗಳು ಎಷ್ಟೋ.

ಮಂಗಳೂರಿನ ಮೇಲೆ ಬಂದಾಗ ಜೋರು ಮಳೆ. ರನ್‌ವೇ ಸರಿಯಾಗಿ ಕಾಣುತ್ತಿಲ್ಲ, ಸ್ವಲ್ಪ ಕಾಯಬೇಕು ಎಂದು ಪೈಲಟ್ ಹೇಳಿದರು. ಬಜ್ಪೆಯ ನಿಲ್ದಾಣ ಗುಡ್ಡದ ತಲೆ ಸಮ ಮಾಡಿ ಕಟ್ಟಿದ್ದು. ರನ್‌ವೇ ಉದ್ದ 2,450 ಮೀಟರ್. ತುದಿ ದಾಟಿದರೆ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಅಲ್ಲಿಯೇ ಬಿದ್ದು 158 ಜನ ತೀರಿಕೊಂಡರು. ನಮ್ಮ ಕಡೆಯವರು ಯಾರೂ ಅದನ್ನು ಮರೆತಿಲ್ಲ. ಅಮ್ಮ ಮಾತಾಡಲಿಲ್ಲ, ನನ್ನ ಕೈ ಹಿಡಿದುಕೊಂಡಳು. ಇಪ್ಪತ್ತು ನಿಮಿಷ ಸುತ್ತು ಹಾಕಿದೆವು. ನನಗೆ ಆ ಕಾಯುವಿಕೆ ಬೇಸರ ತರಲಿಲ್ಲ. ಅವಸರ ಮಾಡದ ಪೈಲಟ್ ಬೇಕು, ಅಲ್ವಾ? ಮೋಡ ಸ್ವಲ್ಪ ಬಿಟ್ಟಿತು. ಕೆಂಪು ಮಣ್ಣು, ಹಸಿರು, ಒದ್ದೆ ಡಾಂಬರು. ಮೆತ್ತಗೆ ಇಳಿಯಿತು.

ಬಿ.ಸಿ. ರೋಡ್ ಮೇಲಿಂದ ಕಾರಿನಲ್ಲಿ ಪುತ್ತೂರಿನ ಮನೆ ಮುಟ್ಟಿದಾಗ ಹನ್ನೆರಡೂವರೆ. ಬಾಗಿಲಿನಿಂದ ಬಾಗಿಲಿಗೆ ಏಳು ಗಂಟೆ. ಬಸ್ಸಿಗಿಂತ ಒಂದೇ ಗಂಟೆ ಕಡಿಮೆ. ಆದರೆ ಅಮ್ಮ ಯಾರ ಕೈಯೂ ಹಿಡಿಯದೆ ಮೆಟ್ಟಿಲು ಹತ್ತಿದಳು. ನನಗೆ ಅದು ಸಾಕಿತ್ತು.

ಊಟಕ್ಕೆ ಕೂತಾಗ ಕೇಳಿದಳು: "ಘಟ್ಟ ಯಾವಾಗ ದಾಟಿತು ಮಾರಾಯ? ಗೊತ್ತೇ ಆಗಲಿಲ್ಲ."

ಡಿಸೆಂಬರಿನಲ್ಲಿ ಮತ್ತೆ ಹೋಗುವಾಗ ಕಿಟಕಿ ಪಕ್ಕದ ಸೀಟು ತೆಗೆಯುತ್ತೇನೆ ಅಂದೆ. ಆಗ ಮೋಡ ಇರುವುದಿಲ್ಲ.